ಆಷಾಢದಲ್ಲಿ ಗಾಳಿ ಇರಲಿಲ್ಲ

ನಮ್ಮೂರ ದಿಬ್ಬದ ಮೇಲಿನ ಗಾಳಿಯಂತ್ರದ ಬುಡದಲ್ಲಿ ಬೂಟು ಹಾಕಿಕೊಂಡು ನಿಲ್ಲುವುದೆಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಂಪನಿಯ ನಿಯಮ ಹಾಗಿದೆ, ಬೂಟಿಲ್ಲದೆ ಒಳಗೆ ಬಿಡುವುದಿಲ್ಲ. ನಾನು ಅಲ್ಲಿನ ಸೈಟ್ ಸಹಾಯಕ. ಬೆಳಿಗ್ಗೆ ಎಂಟಕ್ಕೆ ಹೋಗಿ ಬುಡದ ಬಾಗಿಲು ತೆರೆದು, ಒಳಗಿನ ಪರದೆಯ ಮೇಲೆ ಬರುವ ಅಂಕಿಗಳನ್ನು ಬರೆದುಕೊಂಡು ಫೋನಿನಲ್ಲಿ ಮೇಲಿನವರಿಗೆ ಕಳಿಸುತ್ತೇನೆ. ಮೂರು ರೆಕ್ಕೆಗಳು ತಲೆಯ ಮೇಲೆ ಉಸ್ಸೆಂದು ತಿರುಗುತ್ತಿರುತ್ತವೆ. ಒಂದೊಂದು ರೆಕ್ಕೆ ಕೆಳಗೆ ಬಂದಾಗಲೂ ಯಾರೋ ನನ್ನ ಕಿವಿಯ ಹತ್ತಿರ ಬಾಯಿ ತಂದು, ಏನೋ ಕೇಳಿ, ಉತ್ತರಕ್ಕೆ ಕಾಯದೆ ಹೋದ ಹಾಗಾಗುತ್ತದೆ. ಹೊಸದಾಗಿ ಬಂದ ಇಂಜಿನಿಯರ್ ಹುಡುಗಿ ಒಮ್ಮೆ ಕೇಳಿದಳು, "ಕಾಕಾ, ನೀವು ಯಾವಾಗಲೂ ಯಾಕೆ ನೆಲ ನೋಡ್ತಾ ನಿಂತಿರ್ತೀರಿ? ಯಂತ್ರ ಮೇಲಿದೆ." ಏನೂ ಇಲ್ಲವ್ವ, ಕಾಲು ನೋಯ್ತಾವ ಅಂದೆ.

ಇಂಡಿಯಿಂದ ಸಿಂದಗಿ ಕಡೆ ಹೋಗುವಾಗ, ತಾಂಬಾ ದಾಟಿ ಸ್ವಲ್ಪ ಒಳಗೆ ನಮ್ಮೂರು. ಊರಿನ ಪಡುವಲಕ್ಕೆ ಆ ದಿಬ್ಬ. ನಾನು ಚಿಕ್ಕವನಿದ್ದಾಗ ಅದಕ್ಕೆ ದಿಬ್ಬ ಅಂತ ಯಾರೂ ಅನ್ನುತ್ತಿರಲಿಲ್ಲ, ಕಣ ಅನ್ನುತ್ತಿದ್ದರು. ಜೋಳದ ತೆನೆಗಳನ್ನು ಹರಡಿ, ಎತ್ತುಗಳಿಂದ ತುಳಿಸಿ, ಗಾಳಿಗೆ ತೂರಿ ಕಾಳು ಹೊಟ್ಟು ಬೇರೆ ಮಾಡುವ ಜಾಗ. ಅದು ನಮ್ಮದು ಅಂತ ನಾವೂ ತಿಳಿದಿದ್ದೆವು, ಊರಿನವರೂ ತಿಳಿದಿದ್ದರು. ನನ್ನ ಅಜ್ಜ, ಅವನ ಅಪ್ಪ ಎಲ್ಲರೂ ಅಲ್ಲೇ ರಾಶಿ ಮಾಡಿದವರು. ನಡುವೆ ಎತ್ತುಗಳನ್ನು ಕಟ್ಟಿ ಸುತ್ತಿಸುವ ಮೇಟಿಯ ಕಂಬ, ಸುತ್ತ ಸಗಣಿಯಿಂದ ಸಾರಿಸಿದ ನುಣ್ಣನೆ ನೆಲ. ಬರಿಗಾಲಲ್ಲಿ ನಡೆದರೆ ಅಂಗಾಲು ತಂಪಾಗುತ್ತಿತ್ತು.

ಆ ಕಣದ ಯಜಮಾನತಿ ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅವ್ವ ನಾನು ಕೂಸಿದ್ದಾಗಲೇ ತೀರಿಕೊಂಡಳು. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ, ನನ್ನನ್ನು ಸೆರಗಿಗೆ ಕಟ್ಟಿಕೊಂಡೇ ಬೆಳೆಸಿದಳು. ದೊಡ್ಡಪ್ಪ ತೀರಿಕೊಂಡ ವರ್ಷವೂ ಅವಳು ರಾಶಿ ನಿಲ್ಲಿಸಲಿಲ್ಲ. ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ತೂರುವುದು ಗಂಡಸರ ಕೆಲಸ. ಆ ವರ್ಷ ಅವಳೇ ಕಚ್ಚೆ ಹಾಕಿ ಹತ್ತಿ ನಿಂತಳು. ಊರವರು ಮೂಗಿನ ಮೇಲೆ ಬೆರಳಿಟ್ಟರು. "ನೋಡಾಕ ಬಂದೀರಿ, ಬುಟ್ಟಿ ಎತ್ತಿ ಕೊಡ್ರಿ" ಅಂದಳಂತೆ. ಬಂದವರೇ ಬುಟ್ಟಿ ಎತ್ತಿ ಕೊಟ್ಟರು.

ಗಾಳಿಯ ವಿಷಯದಲ್ಲಿ ಅವಳ ಮಾತೇ ಕೊನೆ. ಎಲೆ ಅಲುಗದಿರುವಾಗಲೂ ಮುಖ ಮೇಲೆತ್ತಿ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, "ಏಳ್ರಿ, ಬರಾಕತ್ತೈತಿ" ಅನ್ನುತ್ತಿದ್ದಳು. ಬುಟ್ಟಿಗಳು ತುಂಬುವಷ್ಟರಲ್ಲಿ ಗಾಳಿ ಬಂದೇ ಬರುತ್ತಿತ್ತು. ಬೇರೆಯವರ ಹೊಲದಲ್ಲಿ ರಾಶಿ ಇದ್ದರೂ ಅವಳನ್ನು ಕರೆದು ಕೇಳಿಕೊಂಡು ಹೋಗುತ್ತಿದ್ದರು.

ಕಣಕ್ಕೆ ಅವಳದು ಎರಡು ಕಟ್ಟಳೆ. ಒಂದು, ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲ. ಇನ್ನೊಂದು, ಕಣದ ಮೇಲೆ ನಿಂತು ಸುಳ್ಳು ಆಡುವಂತಿಲ್ಲ. "ಇಲ್ಲಿ ಸುಳ್ಳ ಹೇಳಿದಿ ಅಂದ್ರ ನಾಲಿಗಿ ಕಿತ್ತ ಮೇಟಿಗಿ ಕಟ್ತೇನಿ ನೋಡು" ಅನ್ನುತ್ತಿದ್ದಳು. ಮನೆಯಲ್ಲಿ ಬೆಲ್ಲ ಖಾಲಿಯಾಗಿದ್ದರೆ, ಕರು ಹಗ್ಗ ಬಿಚ್ಚಿಕೊಂಡು ಹಾಲು ಕುಡಿದಿದ್ದರೆ, ಜಗಳವಿಲ್ಲ, ಹೊಡೆತವಿಲ್ಲ. "ನಡಿ ಕಣಕ್ಕ" ಅನ್ನುವಳು ಅಷ್ಟೇ. ಅರ್ಧ ದಾರಿಯಲ್ಲೇ ನಾನು ಎಲ್ಲ ಒಪ್ಪಿಕೊಂಡು ಅಳುತ್ತಿದ್ದೆ.

ದವಾಖಾನೆಗಿಂತ ಮೊದಲು ನಮ್ಮೂರಿಗೆ ಸರ್ಕಾರ ಗಾಳಿ ಅಳೆಯುವ ಕಂಬ ಕಳಿಸಿತು. ಆಗ ನನಗೆ ಇಪ್ಪತ್ತೈದರ ಆಸುಪಾಸು. ಒಂದು ದಿನ ಜೀಪು ಬಂತು. ಇಳಿದ ಸಾಹೇಬರು ಬೆಂಗಳೂರಿನವರು, ಮೆಲುಮಾತಿನವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಸುತ್ತಿ ಎಲ್ಲೆಲ್ಲಿ ಗಾಳಿ ಇದೆ ಅಂತ ನೋಡುತ್ತಿದ್ದೇವೆ, ಒಂದೆರಡು ವರ್ಷ ಅಳೆದು ನೋಡಿದರೆ ಮುಂದೆ ಕರೆಂಟು ತಯಾರಿಸಬಹುದು ಅಂದರು. ನಿಮ್ಮೂರಲ್ಲಿ ಗಾಳಿ ಚೆನ್ನಾಗಿ ಬೀಸುವ ಜಾಗ ಯಾವುದು ಅಂತ ಕಟ್ಟೆಯ ಮೇಲೆ ಕೂತವರನ್ನು ಕೇಳಿದರು. ಎಲ್ಲರೂ ದೊಡ್ಡವ್ವನ ಮನೆ ತೋರಿಸಿದರು.

ಅವಳು ಸೆರಗು ಸರಿಮಾಡಿಕೊಂಡು ಸಾಹೇಬರನ್ನು ಕಣಕ್ಕೆ ಕರೆದುಕೊಂಡು ಹೋದಳು. "ಚಪ್ಪಲಿ ಅಲ್ಲೇ ಬಿಡ್ರಿ" ಅಂದಳು. ಸಾಹೇಬರು ಬೂಟು ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ ಮಡಚಿ ಕಿಸೆಗಿಟ್ಟುಕೊಂಡರು. ದೊಡ್ಡವ್ವ ಒಂದು ಹಿಡಿ ಹೊಟ್ಟು ತೆಗೆದುಕೊಂಡು ಕೈ ಎತ್ತಿ ನಿಧಾನವಾಗಿ ಬಿಟ್ಟಳು. ಹೊಟ್ಟು ನೆಲಕ್ಕೆ ಬೀಳಲೇ ಇಲ್ಲ. ಅಡ್ಡಡ್ಡ ಹಾರಿ ಹಳ್ಳದ ಕಡೆ ಹೋಗಿಬಿಟ್ಟಿತು. ಸಾಹೇಬರು ಬಾಯಿ ತೆರೆದು ನೋಡುತ್ತ ನಿಂತರು.

"ಹನ್ನೆರಡೂ ತಿಂಗಳು ಹೀಗೇ ಇರುತ್ತಾ ಅಮ್ಮಾ?" ಅಂತ ಕೇಳಿದರು.

"ಇದ ಏನ್ರಿ ಸಾಹೇಬ್ರ, ಆಷಾಢದಾಗ ಬರ್ರಿ. ನಿಮ್ಮ ಜೀಪ ಹಾರಿಸ್ತೈತಿ" ಅಂದಳು ದೊಡ್ಡವ್ವ. ಎಲ್ಲರೂ ನಕ್ಕರು. ಸಾಹೇಬರು ಅದನ್ನೂ ಬರೆದುಕೊಂಡರು.

ಆ ದಿನ ಮನೆಗೆ ಬಂದ ಮೇಲೆ ಅವಳ ಖುಷಿ ನೋಡಬೇಕಿತ್ತು. "ಸರಕಾರ ನನ್ನ ಕೇಳಾಕ ಬಂದಿತ್ತು" ಅಂತ ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ ಹೇಳಿದ್ದೇ ಹೇಳಿದ್ದು. ನನ್ನ ಖುಷಿ ಬೇರೆ. ಕಂಬ ನೋಡಿಕೊಳ್ಳಲು ಊರಿನವನೊಬ್ಬ ಬೇಕಿತ್ತು, ಹತ್ತನೇ ಪಾಸಾದವನು ಅಂತ ನನ್ನನ್ನು ತೆಗೆದುಕೊಂಡರು. ತಾತ್ಕಾಲಿಕ ಕೆಲಸ. ಆದರೆ ಚೆನ್ನಾಗಿ ಮಾಡಿದರೆ ಕಾಯಂ ಆಗಬಹುದು ಅಂತ ಸಾಹೇಬರ ಜೊತೆ ಬಂದ ಗುಮಾಸ್ತ ನನ್ನ ಕಿವಿಯಲ್ಲಿ ಹೇಳಿ ಹೋಗಿದ್ದ. ಕಾಯಂ ಅನ್ನುವ ಒಂದು ಶಬ್ದ ನನ್ನ ತಲೆ ಹೊಕ್ಕು ಕೂತಿತು. ಸುಡಲಿ, ಅದು ಹೊಕ್ಕದ್ದೇ ಕೇಡು.

ಕಣದ ಅಂಚಿಗೆ ಉದ್ದನೆಯ ಸಪೂರ ಕಂಬ ನಿಂತಿತು. ನಾಲ್ಕೂ ಕಡೆಗೆ ತಂತಿ ಬಿಗಿದಿದ್ದರು. ತುದಿಯಲ್ಲಿ ಮೂರು ಬಟ್ಟಲು ಗಿರಗಿರ ತಿರುಗುತ್ತಿದ್ದವು, ಬುಡದ ಪೆಟ್ಟಿಗೆಯಲ್ಲಿ ಅಂಕಿ ಕಾಣುತ್ತಿತ್ತು. ದಿನಕ್ಕೆ ಮೂರು ಸಲ ನಾನು ಆ ಅಂಕಿಯನ್ನು ರಿಜಿಸ್ಟರಿಗೆ ಬರೆಯಬೇಕು. ತಿಂಗಳಿಗೊಮ್ಮೆ ಪೆಟ್ಟಿಗೆಯೊಳಗೆ ಅಂಕಿಗಳನ್ನು ತಾನೇ ಬರೆದಿಟ್ಟುಕೊಳ್ಳುವ ಚಿಪ್ಪು ತೆಗೆದು, ರಿಜಿಸ್ಟರಿನ ಹಾಳೆಯ ಜೊತೆ ಇಂಡಿಯ ಅಂಚೆ ಕಚೇರಿಯಿಂದ ರಿಜಿಸ್ಟರ್ ಪೋಸ್ಟ್ ಮಾಡಬೇಕು. ದೊಡ್ಡವ್ವ ದಿನಾ ಬಂದು ನನ್ನ ಪಕ್ಕ ನಿಲ್ಲುತ್ತಿದ್ದಳು. ನಾನು ಅಂಕಿ ನೋಡುವ ಮೊದಲೇ, "ನಿನ್ನೆಗಿಂತ ಕಡಿಮಿ ಐತಿ" ಅನ್ನುವಳು. ಕಡಿಮೆಯೇ ಇರುತ್ತಿತ್ತು. "ನಿನ್ನ ಪೆಟಗಿ ಸುಳ್ಳ ಹೇಳಂಗಿಲ್ಲ ಬಿಡು, ಕಣದ ಮ್ಯಾಲ ಐತಿ" ಅಂತ ಪೆಟ್ಟಿಗೆಯ ತಲೆ ಸವರುತ್ತಿದ್ದಳು. ನನ್ನ ಕಂಬ, ನನ್ನ ಕಂಬ ಅಂತ ಬಾಯಿ ತುಂಬ ಕರೆಯುತ್ತಿದ್ದಳು.

ಮುಂದಿನ ವರ್ಷ ಬೇಸಿಗೆಯ ಕೊನೆಗೆ ಅವಳು ಹೊಳೆ ಸ್ನಾನಕ್ಕೆ ತಂಗಡಗಿಗೆ ಹೋದಳು. ಬರುವಾಗ ಮುದ್ದೇಬಿಹಾಳ ಕಡೆಯ ಒಂದು ಹಳ್ಳಿಯಲ್ಲಿದ್ದ ಅಕ್ಕನ ಮಗಳ ಮನೆಯಲ್ಲಿ ನಾಲ್ಕು ದಿನ ಉಳಿದು ಬಂದಳು. ಬಂದವಳು ಮೊದಲಿನ ದೊಡ್ಡವ್ವ ಆಗಿರಲಿಲ್ಲ. ಊಟ ಮಾಡುವಾಗ ಒಮ್ಮೆ ಕೇಳಿದಳು, "ಈ ಕಂಬ ಅಳದ ಮ್ಯಾಲ ಏನ್ ಮಾಡ್ತಾರ ತಮ್ಮಾ?"

"ಗಾಳಿ ಚಲೋ ಇದ್ರ ದೊಡ್ಡ ಯಂತ್ರ ಹಾಕ್ತಾರ, ಇಲ್ಲಾಂದ್ರ ಕಂಬ ಕಿತ್ಕೊಂಡು ಬ್ಯಾರೆ ಕಡೆ ಹೊಕ್ಕಾರ."

"ಎಲ್ಲಿ ಹಾಕ್ತಾರ, ದೊಡ್ಡದು?"

"ಎಲ್ಲೆರ ಹಾಕಲಿ, ನನಗೇನ್ ಗೊತ್ತು?"

ರೊಟ್ಟಿ ಮುರಿದವಳು ಬಾಯಿಗೆ ಇಡಲಿಲ್ಲ. ಆ ದಿನದಿಂದ ನನ್ನ ಕಂಬ ಅನ್ನುವುದು ನಿಂತಿತು. ಅಂಕಿ ಬರೆಯುವಾಗ ಪಕ್ಕಕ್ಕೆ ಬಂದು ನಿಲ್ಲುವುದೂ ನಿಂತಿತು. ವಯಸ್ಸಾಯಿತು, ದಿಬ್ಬ ಹತ್ತಲು ಆಗುವುದಿಲ್ಲವೇನೋ ಅಂದುಕೊಂಡೆ. ಕಣ್ಣಿದ್ದೂ ಕುರುಡ ಅಂದರೆ ನಾನೇ.

ಆಮೇಲೆ ಆಷಾಢ ಬಂತು. ಕಾಯಂ ಆಗಬೇಕಾದರೆ ಕಂಪ್ಯೂಟರ್ ಗೊತ್ತಿರಬೇಕು ಅಂತ ಯಾರೋ ಅಂದರು. ಬಸವನ ಬಾಗೇವಾಡಿಯಲ್ಲಿ ಒಂದು ತಿಂಗಳ ಕ್ಲಾಸಿಗೆ ಸೇರಿ ಅಲ್ಲೇ ಒಂದು ಖೋಲಿ ಹಿಡಿದೆ. ಸಾಹೇಬರ ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಪೆಟ್ಟಿಗೆಯೊಳಗೆ ಚಿಪ್ಪು ಇದೆಯಲ್ಲ, ಅದು ಬರೆದುಕೊಳ್ಳುತ್ತದೆ, ಬಂದ ಮೇಲೆ ನೋಡಿ ರಿಜಿಸ್ಟರ್ ತುಂಬಿದರಾಯಿತು ಅಂತ ನನ್ನ ಲೆಕ್ಕ. ತಿಂಗಳು ಮುಗಿಸಿ ಬಂದು ಪೆಟ್ಟಿಗೆ ತೆರೆದೆ. ಇಲಿ ತಂತಿ ಕಡಿದು ಹಾಕಿತ್ತು. ನಾನು ಹೋದ ಮರುದಿನವೇ ಪೆಟ್ಟಿಗೆ ಸತ್ತಿತ್ತು. ಇಡೀ ಆಷಾಢ ಖಾಲಿ.

ಸಾಹೇಬರಿಗೆ ಫೋನ್ ಮಾಡಿ ಇಲಿಯ ಕತೆಯನ್ನಷ್ಟೇ ಹೇಳಿದೆ. ಅವರು ಬೇಸರ ಮಾಡಿಕೊಂಡರು, ಬೈಯಲಿಲ್ಲ. ಇಡೀ ವರ್ಷದಲ್ಲಿ ಆಷಾಢವೇ ಮುಖ್ಯ, ಆ ತಿಂಗಳ ಗಾಳಿ ನೋಡಿಯೇ ಜಾಗ ಬೇಕೋ ಬೇಡವೋ ಅಂತ ನಿರ್ಧಾರ ಮಾಡುವುದು ಅಂದರು. ಆ ತಿಂಗಳು ಇಲ್ಲದಿದ್ದರೆ ಕಂಬ ಬೇರೆ ತಾಲ್ಲೂಕಿಗೆ ಹೋಗುತ್ತದೆ ಅಂದರು. ಕೊನೆಗೆ, "ನೀನು ಕೈಯಿಂದ ಬರೆದ ರಿಜಿಸ್ಟರ್ ಇದೆಯಲ್ಲ? ಅದನ್ನೇ ಕಳಿಸು, ನಡೆಯುತ್ತದೆ" ಅಂದರು. ಇಲ್ಲ ಅನ್ನಬೇಕಿತ್ತು. ಐತ್ರಿ ಸಾಹೇಬ್ರ ಅಂದುಬಿಟ್ಟೆ. ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆಗ ದೊಡ್ಡವ್ವ ನೆನಪಾದಳು. ಯಾವ ದಿನ ಎಂಥ ಗಾಳಿ ಅಂತ ಅವಳಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ನಡೆದದ್ದನ್ನೆಲ್ಲ ಅವಳ ಮುಂದೆ ಬಿಚ್ಚಿಟ್ಟೆ. ಆಷಾಢವೇ ಮುಖ್ಯವಂತೆ, ಅದರಲ್ಲಿ ಗಾಳಿ ಕಡಿಮೆ ಅಂತ ಬಂದರೆ ಕಂಬ ಕಿತ್ತುಕೊಂಡು ಹೋಗುತ್ತಾರಂತೆ, ನನ್ನ ಕೆಲಸವೂ ಹೋಗುತ್ತದೆ ಅಂತ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ನಡಿ ದೊಡ್ಡವ್ವಾ, ಕಣಕ್ಕ ಹೋಗೂಣು. ಅಲ್ಲಿ ನಿಂತ್ರ ನಿನಗ ಒಂದೊಂದು ದಿನಾನೂ ನೆನಪಾಗ್ತೈತಿ" ಅಂದೆ.

"ಅಲ್ಲಿ ಬ್ಯಾಡ" ಅಂದಳು ಗಡಬಡಿಸಿ. "ಕಾಲ್ ನೋಯಾಕತ್ತಾವ. ಇಲ್ಲೇ ಒಲಿ ಮುಂದ ಹೇಳ್ತೇನಿ, ಬರಕೋ."

ಹೇಳಿದಳು. ಕ್ಯಾಲೆಂಡರಿನ ಒಂದೊಂದು ದಿನ ಹಿಡಿದು ಹೇಳಿದಳು. ಸೋಮವಾರ ರೊಟ್ಟಿ ಬಡಿಯುವಾಗ ಒಲೆಯ ಹೊಗೆ ನೆಟ್ಟಗೆ ಮೇಲೆ ಹೋಯಿತು, ಗಾಳಿ ಇರಲಿಲ್ಲ. ಮರುದಿನ ಹೊರಗೆ ಹಾಕಿದ ಸೀರೆಯ ಸೆರಗು ಅಲುಗಲಿಲ್ಲ. ಸಿಂದಗಿ ಸಂತೆಯ ದಿನ ಬಸ್ಸಿನ ಧೂಳು ಎದ್ದಲ್ಲೇ ಕೂತಿತು. ಅಮಾವಾಸ್ಯೆಯ ದಿನ ಗುಡಿಯ ದೀಪ ಆರಲಿಲ್ಲ. ಮೂವತ್ತು ದಿನಕ್ಕೂ ಒಂದೊಂದು ಸಾಕ್ಷಿ ಕೊಟ್ಟಳು. ಇಡೀ ಆಷಾಢದಲ್ಲಿ ಗಾಳಿ ಇರಲಿಲ್ಲ ಅಂದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಆಷಾಢದಾಗ ಗಾಳಿ ಇರ್ಲಿಲ್ಲಂದ್ರ ಕತ್ತೆನೂ ನಗತೈತಿ, ದೊಡ್ಡವ್ವಾ! ಬಾಗೇವಾಡ್ಯಾಗ ನನ್ನ ಖೋಲಿ ತಗಡ ಹಾರಿ ಹೋತು. ಇಲ್ಲೆ ಇರ್ಲಿಲ್ಲೇನು?"

"ಇರ್ಲಿಲ್ಲ. ನಾ ಹೇಳಿದ್ದ ಬರಿ" ಅಂದಳು. ನನ್ನ ಕೈ ಹಿಡಿದುಕೊಂಡಳು. "ತಮ್ಮಾ, ನಾ ಹೇಳಿದ್ದ ಬರೀಬೇಕ ನೋಡು. ಬ್ಯಾರೆ ಏನೂ ಬರೀಬ್ಯಾಡ."

ಹೂಂ ಅಂದೆ. ಅವಳ ಮುಂದೆಯೇ ಅವಳು ಹೇಳಿದಂತೆ ಒಂದು ಹಾಳೆಯಲ್ಲಿ ಬರೆದೆ. ಪಾಪ, ಅರಳುಮರಳು ಶುರುವಾಗಿದೆ ಅಂತ ಮನಸ್ಸಿನಲ್ಲೇ ಮರುಗಿದೆ. ಮರುದಿನ ಇಂಡಿಯ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು, ಹಿಂದಿನ ವರ್ಷದ ಆಷಾಢದ ಹಾಳೆ ಮುಂದಿಟ್ಟುಕೊಂಡು, ಹೊಸ ಹಾಳೆಯಲ್ಲಿ ಅದಕ್ಕಿಂತ ಒಂದು ತೂಕ ಹೆಚ್ಚೇ ಬರೆದೆ. ಎಲ್ಲೂ ಅನುಮಾನ ಬರಬಾರದು ಅಂತ ಎರಡು ಬಣ್ಣದ ಪೆನ್ನು ಬಳಸಿದೆ. ಅವಳ ಹಾಳೆಯನ್ನು ಮಡಚಿ ಕಿಸೆಗಿಟ್ಟುಕೊಂಡೆ. ಲಕೋಟೆಗೆ ಅಂಟು ಹಚ್ಚುವಾಗ ಸಿಳ್ಳೆ ಹಾಕುತ್ತಿದ್ದೆ, ಅದು ಇನ್ನೂ ನೆನಪಿದೆ.

ವರ್ಷ ಮುಗಿದ ಮೇಲೆ ಕಂಬ ಇಳಿಸಿಕೊಂಡು ಹೋದರು. ನಾನು ಕಾಯಂ ಆಗಲಿಲ್ಲ, ಕಂಬದ ಜೊತೆ ಕೆಲಸವೂ ಹೋಯಿತು. ಕೆಲವು ವರ್ಷ ಏನೂ ಆಗಲಿಲ್ಲ. ದೊಡ್ಡವ್ವ ಮತ್ತೆ ಕಣ ಹತ್ತತೊಡಗಿದಳು, ಮತ್ತೆ ಬೈಯತೊಡಗಿದಳು. ಊರಿಗೆಲ್ಲ ರಾಶಿ ಮಾಡುವ ಯಂತ್ರ ಬಂದಿತ್ತು. ನಮ್ಮ ಮನೆಯದೂ ಅದರಲ್ಲೇ ಆಗುತ್ತಿತ್ತು. ಆದರೆ ಒಂದೆರಡು ಚೀಲದಷ್ಟು ತೆನೆ ತೆಗೆದಿಟ್ಟು ಕಣದಲ್ಲೇ ತುಳಿಸಿ ತೂರುತ್ತಿದ್ದಳು. ಯಾಕೆ ಈ ಉಸಾಬರಿ ಅಂದರೆ, "ಅದಕ್ಕ ನನ್ನ ಗುರ್ತು ಹತ್ತೂದ ಬ್ಯಾಡಾ?" ಅನ್ನುವಳು. ಅದು ಅಂದರೆ ಗಾಳಿ.

ಆಮೇಲೆ ಒಂದು ದಿನ ಡಂಗುರ ಹೊಡೆದು ಪಂಚಾಯಿತಿಯಲ್ಲಿ ಸಭೆ ಕರೆದರು. ತಾಲ್ಲೂಕಿನ ಅಧಿಕಾರಿ, ಕಂಪನಿಯವರು, ಲ್ಯಾಪ್‌ಟಾಪು. ನಮ್ಮ ದಿಬ್ಬದ ಮೇಲೆ ದೊಡ್ಡ ಗಾಳಿಯಂತ್ರ ಹಾಕುತ್ತೇವೆ ಅಂದರು. ನಾನು ಸರ್ಕಾರವನ್ನು ಸುಮ್ಮನೆ ಬೈಯುವವನಲ್ಲ. ಗಾಳಿ ಎಷ್ಟಿದೆ ಅಂತ ಗೊತ್ತಿಲ್ಲದ ಬೋಳು ದಿಬ್ಬಕ್ಕೆ ಯಾವ ಕಂಪನಿಯೂ ಬರುವುದಿಲ್ಲ. ಏನೂ ಸಿಗದಿದ್ದರೂ ಸರಿ ಅಂತ ಕಂಬ ನೆಟ್ಟು ವರ್ಷಗಟ್ಟಲೆ ಕಾದದ್ದು ಸರ್ಕಾರವೇ. ಕರೆಂಟಿನ ಲೈನು ಎಳೆಸಿದ್ದು, ಸ್ಟೇಷನ್ ಕಟ್ಟಿಸಿದ್ದು, ಇಂತಿಷ್ಟು ಕೊಳ್ಳುತ್ತೇವೆ ಅಂತ ಮಾತು ಕೊಟ್ಟು ಕಂಪನಿಗಳನ್ನು ಕರೆತಂದದ್ದೂ ಅದೇ. ಕಲ್ಲಿದ್ದಲಿನ ಹೊಗೆ ಕಡಿಮೆಯಾಗುತ್ತದೆ, ಬಡ ದೇಶವೂ ತಲೆ ಎತ್ತುತ್ತದೆ ಅಂತ ಅಧಿಕಾರಿ ಹೇಳಿದ್ದು ಸುಳ್ಳಲ್ಲ. ಇವತ್ತು ನಮ್ಮ ಪಂಪಿಗೆ ಹಗಲಿನಲ್ಲೇ ಕರೆಂಟು ಬರುತ್ತಿದೆ, ನಾನು ಇಲ್ಲ ಅನ್ನಲಾರೆ. ಗಾಳಿಯನ್ನು ಇಷ್ಟು ತಾಳ್ಮೆಯಿಂದ ಅಳೆದವರು ನೆಲ ಯಾರದು ಅಂತ ನೋಡುವಾಗ ಮಾತ್ರ ಉತಾರಿಯ, ಅಂದರೆ ಜಮೀನಿನ ದಾಖಲೆಯ, ಒಂದು ಹಾಳೆ ತಿರುವಿ ಹಾಕಿ ಮುಗಿಸಿದರು. ಉತಾರಿಯಲ್ಲಿ ದಿಬ್ಬ ಸರ್ಕಾರಿ ಗಾಯರಾಣ, ಊರ ದನ ಮೇಯುವ ಜಾಗ. ನಾವು ತಲೆಮಾರುಗಳಿಂದ ಸಾರಿಸಿದ ಕಣದ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಇಂಡಿ ಹತ್ತಿರದ ಸಾಲೋಟಗಿಯ ಹಳೆಯ ಶಾಸನ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಯಾರು ಯಾವ ನೆಲ ಕೊಟ್ಟರು ಅಂತ ಆ ಕಾಲದಲ್ಲೂ ಕಲ್ಲಿನಲ್ಲಿ ಕೊರೆದಿಟ್ಟಿದ್ದರು.

ಸಭೆಯಲ್ಲಿ ದೊಡ್ಡವ್ವ ಹಿಂದೆ ಹೆಂಗಸರ ಜೊತೆ ಕೂತಿದ್ದಳು. ದಿಬ್ಬ ಅಂತ ಕೇಳಿದ್ದೇ ಎದ್ದು ನಿಂತಳು.

"ಸಾಹೇಬ್ರ, ಅಲ್ಲಿ ಗಾಳಿ ಇಲ್ರಿ. ಆಷಾಢದ ಲೆಕ್ಕಾ ನೋಡೀರೇನು?"

ಕಂಪನಿಯವನು ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದ. ನಗುತ್ತಲೇ ಹೇಳಿದ, "ನೋಡಿಯೇ ಬಂದಿದ್ದೇವೆ ಅಜ್ಜಿ. ಎರಡು ವರ್ಷದ ಆಷಾಢವೂ ಇದೆ. ಮೊದಲನೆಯದಕ್ಕಿಂತ ಎರಡನೆಯದೇ ಜೋರು. ಈ ಜಿಲ್ಲೆಯಲ್ಲಿ ನಾವು ನೋಡಿದ ಒಳ್ಳೆಯ ಜಾಗಗಳಲ್ಲಿ ಇದೂ ಒಂದು."

ದೊಡ್ಡವ್ವ ಪರದೆಯನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಆ ಕ್ಷಣಕ್ಕೆ ನನಗೆ ಎಲ್ಲವೂ ತಿಳಿಯಿತು. ಅವಳಿಗೆ ಅರಳುಮರಳು ಆಗಿರಲಿಲ್ಲ. ಮುದ್ದೇಬಿಹಾಳ ಕಡೆಯ ಹಳ್ಳಿಯಲ್ಲಿ, ನಮ್ಮೂರಿಗಿಂತ ಎಷ್ಟೋ ಮೊದಲೇ ಸಪೂರ ಕಂಬ ನಿಂತಿದ್ದ ಜಾಗಕ್ಕೆ ದೊಡ್ಡ ಯಂತ್ರ ಬಂದದ್ದನ್ನು ಅವಳು ಕಣ್ಣಾರೆ ನೋಡಿ ಬಂದಿದ್ದಳು. ಅವಳ ಹತ್ತಿರ ಕಾಗದ ಇರಲಿಲ್ಲ, ವಕೀಲ ಇರಲಿಲ್ಲ. ಜನ್ಮದಲ್ಲಿ ಗಾಳಿಯ ಬಗ್ಗೆ ಒಂದು ಸುಳ್ಳು ಆಡದವಳು ಕಣ ಉಳಿಸಿಕೊಳ್ಳಲು ಮೂವತ್ತು ಸುಳ್ಳು ಹೊಲಿದು ನನ್ನ ಕೈಗೆ ಕೊಟ್ಟಿದ್ದಳು. ಕಣದ ಮೇಲೆ ನಿಂತು ಆಡಲಾರದೆ ಒಲೆಯ ಮುಂದೆ ಕೂತು ಆಡಿದ್ದಳು. ನಾನು ಅದನ್ನು ತಿದ್ದಿ ಕಳಿಸಿದ್ದೆ. ಸಭೆ ಮುಗಿಯುವವರೆಗೂ ನನ್ನ ಚಪ್ಪಲಿಯ ಉಂಗುಷ್ಟ ನೋಡುತ್ತ ಕೂತಿದ್ದೆ.

ಜೆಸಿಬಿ ಬಂತು. ಮೇಟಿಯ ಕಂಬ ಕಿತ್ತು ಬದಿಗೆ ಒಗೆದರು. ಸಾರಿಸಿದ ನೆಲದ ಅಡಿಯಿಂದ ಕರಿ ಮಣ್ಣು ಮೇಲೆ ಬಂತು. ಒಂದು ದೊಡ್ಡ ಬಾವಿಯಷ್ಟು ತೋಡಿ ಕಬ್ಬಿಣ, ಕಾಂಕ್ರೀಟು ತುಂಬಿದರು. ದೊಡ್ಡವ್ವ ಮನೆಯ ಬಾಗಿಲಲ್ಲಿ ಕೂತು ದಿನವೂ ನೋಡಿದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಮೊದಲಿನಿಂದ ಇಲ್ಲಿ ಕೆಲಸ ಮಾಡಿದವನು ಅಂತ ಕಂಪನಿಯವರು ನನ್ನನ್ನು ಕರೆದು ಕೆಲಸ ಕೊಟ್ಟರು. ಬೇಡ ಅನ್ನುವ ಧೈರ್ಯ ನನಗೆ ಇರಲಿಲ್ಲ.

ರೆಕ್ಕೆ ತಿರುಗಲು ಶುರುವಾದ ಮೇಲೆ, ಸಂಜೆ ಬಿಸಿಲಿಗೆ ಅವುಗಳ ನೆರಳು ನಮ್ಮ ಮನೆಯ ಗೋಡೆಯ ಮೇಲೆ ಬೀಳತೊಡಗಿತು. ಒಂದು, ಎರಡು, ಮೂರು, ಮತ್ತೆ ಒಂದು. ಒಳಗೆ ಕೂತರೆ ಯಾರೋ ಕಿಟಕಿಯ ಮುಂದೆ ಅಡ್ಡಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಅಂಥ ಒಂದು ಸಂಜೆ ಊಟಕ್ಕೆ ಬಂದವನಿಗೆ ದೊಡ್ಡವ್ವ ತಟ್ಟೆ ಇಡಲಿಲ್ಲ. ಕೋಲು ಹಿಡಿದು ಎದ್ದು ನಿಂತಳು.

"ನಡಿ ಕಣಕ್ಕ" ಅಂದಳು.

ಅರ್ಧ ದಾರಿ ಬಂತು. ಚಿಕ್ಕಂದಿನಲ್ಲಿ ನಾನು ಅಳುತ್ತ ನಿಲ್ಲುತ್ತಿದ್ದ ಬೇವಿನ ಮರ ಬಂತು. ಅವಳು ನಿಂತು ನನಗಾಗಿ ಕಾದಳೋ ಏನೋ, ಕೋಲಿನ ಮೇಲೆ ಭಾರ ಹಾಕಿ ಉಸಿರು ಬಿಟ್ಟಳು. ಆಮೇಲೆ ಮುಂದೆ ನಡೆದಳು.

ಯಂತ್ರದ ಬುಡದಲ್ಲಿ ಮೊದಲು ನುಣ್ಣನೆಯ ನೆಲವಿದ್ದಲ್ಲಿ ಈಗ ಜಲ್ಲಿಕಲ್ಲು ಹಾಸಿತ್ತು. ದೊಡ್ಡವ್ವ ಅದರ ಅಂಚಿಗೆ ಚಪ್ಪಲಿ ಬಿಟ್ಟಳು. "ಬೂಟ ಬಿಚ್ಚು" ಅಂದಳು. ಬಿಚ್ಚಿದೆ. ಇಬ್ಬರೂ ಬರಿಗಾಲಲ್ಲಿ ಜಲ್ಲಿಯ ಮೇಲೆ ನಡೆದು ಹಳೆಯ ಮೇಟಿಯ ಜಾಗಕ್ಕೆ ಹೋಗಿ ನಿಂತೆವು. ಅಂಗಾಲಿಗೆ ಚುಚ್ಚುತ್ತಿತ್ತು.

"ಆ ಆಷಾಢದಾಗ ನೀ ಏನ್ ಬರದಿ?" ಅಂತ ಕೇಳಿದಳು.

ಸಿಟ್ಟು ಇರಲಿಲ್ಲ ಅವಳ ದನಿಯಲ್ಲಿ. ಹೌದು ದೊಡ್ಡವ್ವಾ, ನಿನ್ನ ಮಾತು ತಿದ್ದಿದೆ, ನನ್ನ ಕೆಲಸಕ್ಕಾಗಿ ತಿದ್ದಿದೆ, ತಿಳಿಯದೆ ತಿದ್ದಿದೆ ಅಂದಿದ್ದರೆ ಬೈಯುತ್ತಿದ್ದಳು, ಕೋಲಿನಿಂದ ಎರಡು ಬಿಗಿಯುತ್ತಿದ್ದಳು, ನಾಲ್ಕು ದಿನ ಮಾತು ಬಿಡುತ್ತಿದ್ದಳು. ಅಷ್ಟೇ ಆಗುತ್ತಿತ್ತು. ಇವತ್ತು ಇಷ್ಟು ಚೆನ್ನಾಗಿ ಗೊತ್ತಾಗುತ್ತದೆ. ಆಗ ಅವಳ ಮುಖ ನೋಡಿದೆ. ತಾಯಿಯಿಲ್ಲದ ನನ್ನನ್ನು ಸಾಕಿದ ಆ ಮುಖಕ್ಕೆ ಇದನ್ನು ಹೇಳಲು ನನ್ನಿಂದ ಆಗಲಿಲ್ಲ.

"ನೀ ಹೇಳಿದ್ದ ಬರದೇನಿ ದೊಡ್ಡವ್ವಾ" ಅಂದೆ.

"ಖರೇನ?"

"ಖರೇನ."

ರೆಕ್ಕೆಯ ನೆರಳು ಅವಳ ಮುಖದ ಮೇಲೆ ಹಾದು ಹೋಗುತ್ತಿತ್ತು. ಕಣದ ಮೇಲೆ ನಿಂತು, ಚಪ್ಪಲಿ ಬಿಟ್ಟು ನಾನು ಆಡಿದ ಮಾತು. ಅದು ಸುಳ್ಳಿರಬಹುದು ಅಂತ ಅವಳ ತಲೆಗೆ ಹೊಳೆಯಲೇ ಇಲ್ಲ. ನನ್ನನ್ನು ನಂಬಿದಳು. ನಂಬಿದ ಮೇಲೆ ಅವಳಿಗೆ ಉಳಿದದ್ದು ಒಂದೇ ದಾರಿ.

"ಹಂಗಾದ್ರ ಅವರಿಗಿ ಗಾಳಿನ ಖುದ್ದ ಹೋಗಿ ಹೇಳೈತಿ ಬಿಡು" ಅಂದಳು. "ಇರ್ಲಿ. ಇಷ್ಟ ವರ್ಷ ಒಬ್ಬರಿಗೊಬ್ಬರು ಗುರ್ತು ಇದ್ವಿ. ನನ್ನ ಮ್ಯಾಲ ಇಷ್ಟ ಸಿಟ್ಟ ಯಾಕ ಬಂತೋ ಅದಕ್ಕ. ನಾ ಅದರ ಮ್ಯಾಲ ಸುಳ್ಳ ಹೇಳಿದ್ನೆಲ್ಲ, ಅದಕ್ಕ ಇರಬೇಕು."

ವಾಪಸ್ ಬರುವಾಗ ನನ್ನ ತೋಳು ಹಿಡಿದುಕೊಂಡೇ ಇಳಿದಳು.

ಅವತ್ತಿನಿಂದ ಸಂಜೆ ಕಟ್ಟೆಯ ಮೇಲೆ ಮುಖ ಎತ್ತಿ ಕೂರುವುದನ್ನು ಬಿಟ್ಟಳು. ಪಡುವಲ ಕಡೆಯ ಕಿಟಕಿ ಮುಚ್ಚಿಸಿದಳು. ಹೊರಗೆ ಹೋಗುವುದಿದ್ದರೆ ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ತಲೆ ತಗ್ಗಿಸಿ, ಜಗಳವಾದ ಮನೆಯ ಮುಂದೆ ಹಾಯುವವರ ಹಾಗೆ ಸರಸರ ನಡೆದುಬಿಡುತ್ತಿದ್ದಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ದಿನ ತಳ್ಳಿದೆ. ಅವಳ ಮೂವತ್ತು ಸುಳ್ಳಿನ ಹಾಳೆ ನನ್ನ ಟ್ರಂಕಿನಲ್ಲಿತ್ತು, ಈಗಲೂ ಇದೆ.

ಅವಳು ಹೋದದ್ದೂ ಆಷಾಢದಲ್ಲೇ. ಮಧ್ಯಾಹ್ನದ ಹೊತ್ತು. ಎರಡು ದಿನದಿಂದ ಉಸಿರಾಟ ಕಷ್ಟವಾಗಿತ್ತು. ಸುತ್ತ ಕೂತ ಹೆಂಗಸರು, "ಆ ಕಿಟಕಿ ತಗೀರಿ, ಒಂದಿಷ್ಟು ಗಾಳಿ ಬರಲಿ, ಜೀವಕ್ಕ ಹಗುರಾಗ್ತೈತಿ" ಅಂದರು. ನಾನು ಎದ್ದು ಹೋಗಿ ಅಗಳಿಗೆ ಕೈ ಹಾಕಿದೆ. ಹೊರಗೆ ಗಾಳಿ ಹುಚ್ಚೆದ್ದಿತ್ತು. ಅಗಳಿ ಸಡಿಲಾಗುತ್ತಲೇ ಕಿಟಕಿಯ ಕದವೆರಡೂ ಒಳಗೆ ನುಗ್ಗಿಬಂದವು. ದೊಡ್ಡವ್ವ ಕಣ್ಣು ತೆರೆದಳು.

"ಬ್ಯಾಡ" ಅಂದಳು. "ಅದನ್ನ ಒಳಗ ಬಿಡಬ್ಯಾಡ ತಮ್ಮಾ. ಅದರ ಮಾರಿ ನಾ ನೋಡಂಗಿಲ್ಲ."

ಗಾಳಿ ಹೊರಗಿನಿಂದ ದಬ್ಬುತ್ತಲೇ ಇತ್ತು. ಅವಳ ಉಸಿರು ನಿಲ್ಲುವವರೆಗೂ ನಾನು ಎರಡೂ ಕೈಯಿಂದ ಆ ಕಿಟಕಿಯನ್ನು ಒತ್ತಿ ಹಿಡಿದುಕೊಂಡು ನಿಂತಿದ್ದೆ.